ಹೈದರಾಲಿ ಹೆಸರಿನ ಹಡಗು, ಹತ್ತು ಡಾಲರಿನ ಜಾಹೀರಾತು: ಅಮೆರಿಕದ ಪಠ್ಯದಲ್ಲಿ ಸಿಗದ ಕೆಲವರು

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕಿ. ಮಗಳ ಸಂಸಾರ ಫಿಲಡೆಲ್ಫಿಯಾ ಹತ್ತಿರ ಇದೆ. ಬರುವ ಬೇಸಿಗೆಗೆ ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ. ಏಳನೇ ಕ್ಲಾಸಿನ ಮೊಮ್ಮಗನಿಗೆ ವಾಷಿಂಗ್ಟನ್, ಜೆಫರ್ಸನ್, ಬಾಸ್ಟನ್ ಟೀ ಪಾರ್ಟಿ ಎಲ್ಲ ಬಾಯಿಪಾಠ. "ಬೇರೆ ಯಾರೂ ಇರಲಿಲ್ವಾ ಅಜ್ಜಿ?" ಅಂತ ಕೇಳುತ್ತಾನೆ. ಅವನಿಗೆ ಹೇಳುವಂಥ, ಹೆಚ್ಚು ಜನಕ್ಕೆ ಗೊತ್ತಿಲ್ಲದ ನಿಜವಾದ ಕಥೆಗಳು ಯಾವುವು? ಇನ್ನೊಂದು ಮಾತು: ಆಗಿನ ಅಮೆರಿಕದಲ್ಲಿ ನಮ್ಮ ಹೈದರಾಲಿ ಹೆಸರಿನ ಹಡಗು ಇತ್ತು ಎಂದು ಯಾರೋ ಹೇಳಿದರು. ಇದು ನಿಜವೇ, ಕಟ್ಟುಕಥೆಯೇ?

ಉತ್ತರ: ಮೇಡಂ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಡಗಿನ ಕಥೆ ನಿಜ. ಅದು ಕಾದಾಡಿದ್ದು ನಿಮ್ಮ ಮಗಳ ಊರಿನ ಪಕ್ಕದಲ್ಲೇ ಹರಿಯುವ ಡೆಲಾವೇರ್ ನದಿ ಸಮುದ್ರ ಸೇರುವ ಕೊಲ್ಲಿಯಲ್ಲಿ.

1782ರ ಮಾತು, ಅಮೆರಿಕ ಬ್ರಿಟಿಷರಿಂದ ಸ್ವಾತಂತ್ರ್ಯಕ್ಕಾಗಿ ಕಾದಾಡುತ್ತಿದ್ದ ಕಾಲ. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಸೋತು ಆರು ತಿಂಗಳಾಗಿತ್ತು. ಆದರೆ ಶಾಂತಿ ಒಪ್ಪಂದ ಇನ್ನೂ ಆಗಿರಲಿಲ್ಲ. ನೆಲದ ಮೇಲೆ ದೊಡ್ಡ ಯುದ್ಧ ನಿಂತಿದ್ದರೂ ನೀರಿನ ಮೇಲೆ ನಿಂತಿರಲಿಲ್ಲ. ಫಿಲಡೆಲ್ಫಿಯಾದಿಂದ ಹೊರಟ ಸರಕಿನ ಹಡಗುಗಳನ್ನು ಕೊಲ್ಲಿಯ ಬಾಯಲ್ಲೇ ಕಾದು ಹಿಡಿಯುತ್ತಿದ್ದರು. ವ್ಯಾಪಾರಿಗಳು ಕಂಗಾಲಾಗಿದ್ದರು. ಕಡೆಗೆ ಪೆನ್ಸಿಲ್ವೇನಿಯಾದವರು ಒಂದು ಸರಕಿನ ಹಡಗನ್ನೇ ತೆಗೆದುಕೊಂಡು, ಪಕ್ಕಗಳಲ್ಲಿ ಕಿಂಡಿ ಕೊರೆದು, 16 ಫಿರಂಗಿ ಕೂರಿಸಿದರು. ಅದರ ಹೆಸರು 'ಹೈದರ್ ಅಲಿ'. ಅದನ್ನು ನಡೆಸಲು ಬಾಲ್ಟಿಮೋರ್‌ನ ಜೋಶುವಾ ಬಾರ್ನಿ ಎಂಬ ಹುಡುಗನನ್ನು ಹಾಕಿದರು. ಹುಡುಗ ಅಂದೆ, ಯಾಕೆಂದರೆ ಅವನಿಗೆ ಆಗ 22 ವರ್ಷ.

ಏಪ್ರಿಲ್ 8ರಂದು ಕೊಲ್ಲಿಯ ಬಾಯಲ್ಲಿರುವ ಕೇಪ್ ಮೇ ಹತ್ತಿರ ಅವನ ಎದುರಿಗೆ ಬಂದದ್ದು 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಯುದ್ಧನೌಕೆ. ಅದರ ಫಿರಂಗಿಗಳು ಒಂಬತ್ತು ಪೌಂಡು ತೂಕದ ಗುಂಡು ಹಾರಿಸುವಂಥವು, ಬಾರ್ನಿಯವುಗಳಲ್ಲಿ ಹೆಚ್ಚಿನವು ಆರು ಪೌಂಡಿನವು. ಲೆಕ್ಕದ ಪ್ರಕಾರ ಸೋಲಬೇಕಾದವನು ಬಾರ್ನಿಯೇ. ಅವನು ಚುಕ್ಕಾಣಿ ಹಿಡಿದವನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದ: "ನಾನು ಕೂಗಿ ಏನು ಅಪ್ಪಣೆ ಕೊಡುತ್ತೇನೋ, ನೀನು ಅದಕ್ಕೆ ತಿರುಗಾಮುರುಗಾ ಮಾಡು." ಹಡಗುಗಳು ಮಾತು ಕೇಳಿಸುವಷ್ಟು ಹತ್ತಿರ ಬಂದಾಗ ಬಾರ್ನಿ ಗಟ್ಟಿಯಾಗಿ ಒಂದು ಕಡೆಗೆ ತಿರುಗಿಸಲು ಕೂಗಿದ. ಎದುರಾಳಿ ಅದನ್ನು ಕೇಳಿ ತನ್ನ ಹಡಗನ್ನೂ ಅದೇ ಕಡೆಗೆ ತಿರುಗಿಸಿದ. ಹೈದರ್ ಅಲಿ ಇನ್ನೊಂದು ಕಡೆಗೆ ಹೊರಳಿತು. ಜನರಲ್ ಮಾಂಕ್‌ನ ಮೂತಿಯ ಮರ ಬಂದು ಹೈದರ್ ಅಲಿಯ ಹಗ್ಗಗಳಿಗೆ ಸಿಕ್ಕಿಕೊಂಡಿತು. ಈಗ ಬ್ರಿಟಿಷರ ಫಿರಂಗಿಗಳು ಬಾರ್ನಿಯ ಕಡೆ ತಿರುಗುವಂತಿಲ್ಲ. ಬಾರ್ನಿಯ ಎಲ್ಲ ಫಿರಂಗಿಗಳೂ ಅವರ ಹಡಗಿನ ಉದ್ದಕ್ಕೂ ಬಾಯಿ ಮಾಡಿ ನಿಂತಿವೆ. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಹೈದರ್ ಅಲಿಯಲ್ಲಿ ಸತ್ತವರು ನಾಲ್ಕು ಜನ. ಜನರಲ್ ಮಾಂಕ್‌ನಲ್ಲಿ ಅದರ ಎಷ್ಟೋ ಪಟ್ಟು.

ಸೋತ ಆ ಹಡಗು ಮೊದಲು ಅಮೆರಿಕನ್ನರದ್ದೇ ಆಗಿತ್ತು. ಅದರ ಹಳೆಯ ಹೆಸರು 'ಜನರಲ್ ವಾಷಿಂಗ್ಟನ್'. 1780ರಲ್ಲಿ ಬ್ರಿಟಿಷರು ಅದನ್ನು ಹಿಡಿದು ಹೆಸರು ಬದಲಿಸಿದ್ದರು. ಅಂದರೆ, ವಾಷಿಂಗ್ಟನ್ ಹೆಸರಿನ ಹಡಗನ್ನು ಬ್ರಿಟಿಷರಿಂದ ಬಿಡಿಸಿ ತಂದದ್ದು ಹೈದರಾಲಿ ಹೆಸರಿನ ಹಡಗು. ನಿಮ್ಮ ಮೊಮ್ಮಗನಿಗೆ ಬೇರೆ ಏನು ಮರೆತರೂ ಇದೊಂದು ಮರೆಯುವುದಿಲ್ಲ, ನೋಡಿ.

ಆದರೆ ಹೈದರಾಲಿ ಹೆಸರೇ ಯಾಕೆ? 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಬ್ರಿಟಿಷರ ಕರ್ನಲ್ ಬೈಲಿಯ ಇಡೀ ಪಡೆಯನ್ನು ಮುಗಿಸಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಗೋಡೆ ತುಂಬ ಬರೆದಿರುವುದು ಅದೇ ಯುದ್ಧ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ನೀವೂ ಅದನ್ನು ತೋರಿಸಿರುತ್ತೀರಿ. ಆ ಸುದ್ದಿ ಸಮುದ್ರ ದಾಟಿ, ತಿಂಗಳುಗಟ್ಟಲೆ ತಡವಾಗಿ ಲಂಡನ್ನಿನ ಪತ್ರಿಕೆಗಳಿಗೂ, ಅಲ್ಲಿಂದ ಅಮೆರಿಕದ ಪತ್ರಿಕೆಗಳಿಗೂ ಬಂತು. ತಮ್ಮ ಶತ್ರುವನ್ನೇ ಇನ್ನೊಂದು ಕಡೆ ಒಬ್ಬ ದೊರೆ ಬಡಿಯುತ್ತಿದ್ದಾನೆ ಎಂದರೆ ಅವನು ನಮ್ಮವನೇ, ಅಲ್ವಾ? ಫಿಲಿಪ್ ಫ್ರೆನೋ ಎಂಬ ಕವಿ ಬಾರ್ನಿಯ ಹಡಗಿನ ಮೇಲೆ ಪದ್ಯ ಕಟ್ಟಿದ. ಈ ಹಡಗಿಗೆ ಪೂರ್ವದೇಶದ ರಾಜನ ಹೆಸರಿದೆ, ಅವನ ಎದೆಯಲ್ಲೂ ಸ್ವಾತಂತ್ರ್ಯದ ಕಿಚ್ಚಿದೆ, ಬ್ರಿಟನ್ನಿನವರ ಮಾನ ಕಳೆದು ತನ್ನ ನಾಡಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಂಡವನು ಅವನು, ಎನ್ನುವುದು ಅದರ ಅರ್ಥ.

ಇದೇ ಯುದ್ಧದ ಇನ್ನೊಂದು ಎಳೆ ನೇರವಾಗಿ ನಮ್ಮ ಬೆಂಗಳೂರಿಗೆ ಬರುತ್ತದೆ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದ ಸೇನಾಪತಿ ಕಾರ್ನ್‌ವಾಲಿಸ್. ಅವತ್ತು ಮೈಗೆ ಹುಷಾರಿಲ್ಲ ಎಂದು ಹೇಳಿ ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳಿಸಿದ. ಹತ್ತು ವರ್ಷದ ಮೇಲೆ, 1791ರ ಮಾರ್ಚ್‌ನಲ್ಲಿ, ಬೆಂಗಳೂರು ಕೋಟೆಯ ಗೋಡೆ ಒಡೆದು ಒಳಗೆ ನುಗ್ಗಿದ್ದು ಇದೇ ಕಾರ್ನ್‌ವಾಲಿಸ್‌ನ ಸೈನ್ಯ. ಮರುವರ್ಷ ಟಿಪ್ಪುವಿನ ಅರ್ಧ ರಾಜ್ಯ ಬರೆಸಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡವನೂ ಇವನೇ. ನಮ್ಮ ಪಾಠದಲ್ಲಿ ಗೆದ್ದ ಕಾರ್ನ್‌ವಾಲಿಸ್ ಇದ್ದಾನೆ, ಅವರ ಪಾಠದಲ್ಲಿ ಸೋತ ಕಾರ್ನ್‌ವಾಲಿಸ್.

ಅವನ ಸೋಲಿಗೆ ಕೈಜೋಡಿಸಿದ ಒಬ್ಬ ಮನುಷ್ಯನನ್ನು ಮೊಮ್ಮಗನಿಗೆ ಪರಿಚಯ ಮಾಡಿಸಿ. ಅವನ ಹೆಸರು ಜೇಮ್ಸ್. ವರ್ಜೀನಿಯಾದ ವಿಲಿಯಂ ಆರ್ಮಿಸ್ಟೆಡ್ ಎಂಬವನ ಗುಲಾಮ. 1781ರಲ್ಲಿ ಒಡೆಯನ ಒಪ್ಪಿಗೆ ಪಡೆದು ಅಮೆರಿಕನ್ನರ ಪರ ಕಾದಾಡುತ್ತಿದ್ದ ಫ್ರಾನ್ಸಿನ ಸೇನಾಪತಿ ಲಫಯೆಟ್‌ನ ದಂಡಿಗೆ ಸೇರಿದ. ಓಡಿಬಂದ ಗುಲಾಮನ ಹಾಗೆ ನಟಿಸಿ ಬ್ರಿಟಿಷರ ಬಿಡಾರದೊಳಗೆ ಸೇರಿಕೊಂಡ. ಊಟ ಬಡಿಸುವ, ಸಾಮಾನು ಹೊರುವ ಕರಿಯ ಆಳಿನ ಎದುರಿಗೆ ದೊರೆಗಳು ದನಿ ತಗ್ಗಿಸುತ್ತಿರಲಿಲ್ಲ. ಅವನು ಅಲ್ಲಿದ್ದಾನೆ ಎನ್ನುವುದೇ ಅವರ ಲೆಕ್ಕಕ್ಕಿಲ್ಲ. ಕೇಳಿದ್ದನ್ನೆಲ್ಲ ಅವನು ಲಫಯೆಟ್‌ಗೆ ಮುಟ್ಟಿಸುತ್ತಿದ್ದ. ಬ್ರಿಟಿಷರೇ ಅವನನ್ನು ತಮ್ಮ ಗೂಢಚಾರನಾಗಿ ಅಮೆರಿಕನ್ನರ ಕಡೆ ಕಳಿಸಿದಾಗ ಅವನ ಓಡಾಟ ಇನ್ನೂ ಸಲೀಸಾಯಿತು.

ಯುದ್ಧ ಮುಗಿಯಿತು. ಜೇಮ್ಸ್ ಮತ್ತೆ ಗುಲಾಮನಾಗಿಯೇ ಮನೆಗೆ ಹೋದ. ಸೈನಿಕರಾಗಿ ಹೋರಾಡಿದ ಗುಲಾಮರಿಗೆ ಬಿಡುಗಡೆ ಕೊಡುವ ಕಾನೂನನ್ನು ವರ್ಜೀನಿಯಾ 1783ರಲ್ಲಿ ಮಾಡಿತ್ತು. ಆದರೆ ಜೇಮ್ಸ್ ಹಿಡಿದದ್ದು ಬಂದೂಕಲ್ಲ, ಅವನು ಬೇಹುಗಾರ. ಹಾಗಾಗಿ ಕಾನೂನು ಅವನಿಗೆ ಲಾಗೂ ಆಗಲಿಲ್ಲ. ಈ ಸಾಲು ಓದುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 1784ರಲ್ಲಿ ಲಫಯೆಟ್ ತನ್ನ ಕೈಯಾರೆ ಒಂದು ಚೀಟಿ ಬರೆದುಕೊಟ್ಟ. ಇವನು ಶತ್ರುಗಳ ಬಿಡಾರದಿಂದ ಶ್ರಮಪಟ್ಟು ಸುದ್ದಿ ಕೂಡಿಸಿ ನಿಷ್ಠೆಯಿಂದ ತಂದುಕೊಟ್ಟಿದ್ದಾನೆ, ಎಂಥ ಇನಾಮಿಗೂ ಯೋಗ್ಯ, ಎಂದು ಅದರಲ್ಲಿ ಬರೆದಿತ್ತು. ಆ ಚೀಟಿ ಹಿಡಿದು ಅರ್ಜಿ ಹಾಕಿಕೊಂಡ ಜೇಮ್ಸ್‌ಗೆ 1787ರ ಶುರುವಿನಲ್ಲಿ ಬಿಡುಗಡೆ ಸಿಕ್ಕಿತು. ಆಮೇಲೆ ಅವನು ತನ್ನ ಹೆಸರಿಗೆ ಒಡೆಯನ ಮನೆತನದ ಹೆಸರು ಸೇರಿಸಲಿಲ್ಲ. ಜೇಮ್ಸ್ ಲಫಯೆಟ್ ಎಂದು ಕರೆದುಕೊಂಡ. 1824ರಲ್ಲಿ ಮುದುಕನಾದ ಲಫಯೆಟ್ ಅಮೆರಿಕಕ್ಕೆ ಮತ್ತೆ ಬಂದಾಗ, ರಿಚ್ಮಂಡ್‌ನ ಜನಜಂಗುಳಿಯಲ್ಲಿ ಇವನ ಗುರುತು ಹಿಡಿದು ಅಪ್ಪಿಕೊಂಡ.

ಈ ಚೀಟಿಯ ಮಾತು ಬೇಕೆಂದೇ ಎತ್ತಿದ್ದೇನೆ. ಇಂಥ ಜನ ತಮ್ಮ ಕಥೆ ತಾವೇ ಬರೆದಿಟ್ಟದ್ದು ಅಪರೂಪ. ಯಾರೋ ಇನ್ಯಾವುದೋ ಕೆಲಸಕ್ಕೆ ಬರೆದ ಒಂದು ಕಾಗದದಲ್ಲಿ ಅವರು ಸಿಕ್ಕಿಬಿಡುತ್ತಾರೆ. ಅರ್ಜಿ, ಕೋರ್ಟಿನ ದಾಖಲೆ, ದಿನಚರಿ, ಜಾಹೀರಾತು. ನಾನು ಪಾಠ ಮಾಡುವಾಗ ಹುಡುಗರಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆ "ಇದು ನಮಗೆ ಹೇಗೆ ಗೊತ್ತು?" ಎಂಬುದು. ಮೊಮ್ಮಗನಿಗೂ ಅದನ್ನೇ ಕಲಿಸಿ. ಕಥೆ ಇಷ್ಟವಾದಷ್ಟೂ ಆ ಪ್ರಶ್ನೆ ಜಾಸ್ತಿ ಬೇಕು.

ಯಾಕೆ ಹೇಳುತ್ತೇನೆ ಎಂದರೆ, 'ಗೊತ್ತಿಲ್ಲದ ವೀರರು' ಎಂಬ ಪಟ್ಟಿಗಳಲ್ಲಿ ಎಲ್ಲೆಲ್ಲೂ ಸಿಗುವ ಸಿಬಿಲ್ ಲುಡಿಂಗ್ಟನ್‌ಳನ್ನೇ ನೋಡಿ. 1777ರ ಏಪ್ರಿಲ್‌ನ ಒಂದು ಮಳೆರಾತ್ರಿ 16 ವರ್ಷದ ಹುಡುಗಿ ಕುದುರೆ ಏರಿ 40 ಮೈಲಿ ಸುತ್ತಿ ಸೈನಿಕರನ್ನು ಎಬ್ಬಿಸಿದಳು ಎನ್ನುತ್ತಾರೆ. ಕೇಳಲು ಚೆಂದ. ಆದರೆ ಆ ಕಾಲದ ಒಂದು ಕಾಗದದಲ್ಲೂ ಅದರ ಸುಳಿವಿಲ್ಲ. ಕಥೆ ಮೊದಲು ಅಚ್ಚಾದದ್ದು ನೂರು ವರ್ಷ ಕಳೆದ ಮೇಲೆ, 1880ರಲ್ಲಿ. ಅಮೆರಿಕದ ಮೊದಲ ಬಾವುಟ ಹೊಲಿದಳು ಎನ್ನುವ ಬೆಟ್ಸಿ ರಾಸ್ ಕಥೆಯೂ ಹಾಗೆಯೇ. ಬೆಟ್ಸಿ ರಾಸ್ ನಿಜವಾಗಿ ಇದ್ದವಳು, ಫಿಲಡೆಲ್ಫಿಯಾದಲ್ಲಿ ಬಾವುಟ ಹೊಲಿಯುತ್ತಿದ್ದದ್ದೂ ನಿಜ. ಆದರೆ ವಾಷಿಂಗ್ಟನ್ ಅಂಗಡಿಗೆ ಬಂದು ಹೊಲಿಸಿದ ಎನ್ನುವುದನ್ನು 1870ರಲ್ಲಿ ಮೊದಲು ಹೊರಗೆ ಹೇಳಿದವನು ಅವಳ ಮಗಳ ಮಗ. ಅಜ್ಜಿಯ ಮೇಲಿನ ಪ್ರೀತಿ ದೊಡ್ಡದು, ಆದರೆ ಅದು ಸಾಕ್ಷಿಯಾಗುವುದಿಲ್ಲ. ಅವಳ ಮನೆ ಎಂದು ತೋರಿಸುವ ಜಾಗಕ್ಕೆ ಮೊಮ್ಮಗನನ್ನು ಕರೆದುಕೊಂಡು ಹೋಗಿ, ಆದರೆ ಇದನ್ನೂ ಹೇಳಿ.

ಹೆಂಗಸರ ಧೈರ್ಯದ ಕಥೆ ಬೇಕಾದರೆ ಡೆಬೊರಾ ಸ್ಯಾಂಪ್ಸನ್ ಇದ್ದಾಳೆ, ಅವಳಿಗೆ ಸರ್ಕಾರದ ದಾಖಲೆಯೇ ಇದೆ. 1782ರಲ್ಲಿ ರಾಬರ್ಟ್ ಎಂಬ ಗಂಡು ಹೆಸರಿನಲ್ಲಿ ಮ್ಯಾಸಚೂಸೆಟ್ಸ್‌ನ ಪಡೆಗೆ ಸೇರಿ ಒಂದೂವರೆ ವರ್ಷದ ಹತ್ತಿರ ಸೈನಿಕಳಾಗಿದ್ದಳು. ಜ್ವರ ಬಂದು ಮೈಮೇಲೆ ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಫಿಲಡೆಲ್ಫಿಯಾದ ಒಬ್ಬ ವೈದ್ಯನಿಗೆ ಗುಟ್ಟು ತಿಳಿಯಿತು. ಅವನು ಅವಳ ಮಾನ ಕಾಪಾಡಿದ. ಗೌರವದಿಂದಲೇ ಬಿಡುಗಡೆ ಸಿಕ್ಕಿತು, ಮುಂದೆ ಪಿಂಚಣಿಯೂ ಬಂತು. ಅವಳ ಬಗ್ಗೆ ಆಗಿನ ಕಾಲದಲ್ಲೇ ಬಂದ ಪುಸ್ತಕದಲ್ಲಿ ಉಪ್ಪುಖಾರ ಜಾಸ್ತಿ. ಪಿಂಚಣಿ ಕಾಗದಗಳನ್ನು ನಂಬಬಹುದು.

ಇನ್ನು ಬಾಸ್ಟನ್ನಿನ ಒನೆಸಿಮಸ್. ಟೀ ಪಾರ್ಟಿಗೆ ಐವತ್ತು ವರ್ಷ ಮೊದಲಿನ ಮಾತು. ಆಫ್ರಿಕಾದಿಂದ ತಂದ ಇವನನ್ನು 1706ರಲ್ಲಿ ಚರ್ಚಿನ ಜನ ಚಂದಾ ಎತ್ತಿ ಕೊಂಡು, ತಮ್ಮ ಪಾದ್ರಿ ಕಾಟನ್ ಮ್ಯಾಥರ್‌ಗೆ ಉಡುಗೊರೆ ಕೊಟ್ಟರು. ಮನುಷ್ಯನನ್ನು ಉಡುಗೊರೆ ಕೊಡುವ ಕಾಲ. ಒನೆಸಿಮಸ್ ಎಂಬ ಹೆಸರೂ ಪಾದ್ರಿ ಬೈಬಲ್ಲಿನಿಂದ ಎತ್ತಿ ಇಟ್ಟದ್ದು. ಅಪ್ಪ ಅಮ್ಮ ಇಟ್ಟ ಹೆಸರು ಯಾವ ಕಾಗದದಲ್ಲೂ ಉಳಿದಿಲ್ಲ. ಒಂದು ದಿನ ಪಾದ್ರಿ, ನಿನಗೆ ಸಿಡುಬು ಬಂದಿತ್ತಾ ಎಂದು ಕೇಳಿದ. "ಹೌದು ಅನ್ನಬಹುದು, ಇಲ್ಲ ಅಂತಲೂ ಅನ್ನಬಹುದು" ಎಂದ ಒನೆಸಿಮಸ್. ತೋಳಿನ ಗಾಯದ ಗುರುತು ತೋರಿಸಿದ. ತನ್ನ ಊರಿನಲ್ಲಿ ಸಿಡುಬು ಬಂದವರ ಗುಳ್ಳೆಯ ಕೀವನ್ನು ಚೆನ್ನಾಗಿರುವವರ ಚರ್ಮ ಗೀರಿ ಹಚ್ಚುತ್ತಾರೆ, ಸ್ವಲ್ಪ ಜ್ವರ ಬಂದು ಹೋಗುತ್ತದೆ, ಆಮೇಲೆ ಆಯುಷ್ಯದಲ್ಲಿ ಆ ರೋಗ ಬರುವುದಿಲ್ಲ ಎಂದು ವಿವರಿಸಿದ. ಮ್ಯಾಥರ್ 1716ರಲ್ಲಿ ಲಂಡನ್ನಿಗೆ ಕಾಗದ ಬರೆದು ಇದನ್ನು ತಿಳಿಸಿದ. ಹಾಗಾಗಿಯೇ ಈ ಮಾತು ನಮಗೆ ಸಿಕ್ಕಿದೆ.

1721ರಲ್ಲಿ ಹಡಗಿನಲ್ಲಿ ಬಂದ ಸಿಡುಬು ಬಾಸ್ಟನ್ನಿಗೆ ಹಬ್ಬಿತು. ನಮ್ಮ ಹಿರಿಯರು ಮೈಲಿಬೇನೆ ಎನ್ನುತ್ತಿದ್ದರಲ್ಲ, ಅದೇ. ಊರಿನಲ್ಲಿದ್ದದ್ದೇ 11,000 ಜನ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬೇನೆ ಬಂತು, 844 ಜನ ಸತ್ತರು. ಊರಿನ ವೈದ್ಯರಲ್ಲಿ ಜಾಬ್ಡಿಯಲ್ ಬಾಯ್ಲ್‌ಸ್ಟನ್ ಒಬ್ಬನೇ ಒನೆಸಿಮಸ್ ಹೇಳಿದ ದಾರಿ ಹಿಡಿಯಲು ಮುಂದೆ ಬಂದ. ಜೂನ್ 26ರಂದು ತನ್ನ ಆರು ವರ್ಷದ ಮಗನಿಗೂ ಮನೆಯ ಇಬ್ಬರು ಗುಲಾಮರಿಗೂ ಕೀವು ಹಚ್ಚಿದ. ಜನ ರೊಚ್ಚಿಗೆದ್ದರು. ಉಳಿದ ವೈದ್ಯರು ಬೈದರು. ನವೆಂಬರಿನಲ್ಲಿ ಮ್ಯಾಥರ್ ಮನೆಯ ಕಿಟಕಿಯಿಂದ ಒಳಗೆ ಸಿಡಿಗುಂಡು ಎಸೆದರು. ಪುಣ್ಯಕ್ಕೆ ಅದು ಸಿಡಿಯಲಿಲ್ಲ. ಕಡೆಗೆ ಲೆಕ್ಕ ಹಾಕಿದಾಗ, ಸಹಜವಾಗಿ ಬೇನೆ ಬಂದವರಲ್ಲಿ ಏಳಕ್ಕೆ ಒಬ್ಬರು ಸತ್ತಿದ್ದರು. ಬಾಯ್ಲ್‌ಸ್ಟನ್ ಹಚ್ಚಿದ ಇನ್ನೂರನಲವತ್ತಕ್ಕೂ ಹೆಚ್ಚು ಜನರಲ್ಲಿ ಸತ್ತವರು ಆರೇ ಜನ. ಇದೆಲ್ಲ ಆಗುವ ಹೊತ್ತಿಗೆ ಒನೆಸಿಮಸ್ ಮ್ಯಾಥರ್ ಮನೆಯಲ್ಲಿರಲಿಲ್ಲ. 1716ರಲ್ಲೇ ತನ್ನ ಬದಲಿಗೆ ಇನ್ನೊಬ್ಬ ಹುಡುಗನನ್ನು ಕೊಳ್ಳಲು ಹಣ ಕೊಟ್ಟು ಅರೆಬರೆ ಬಿಡುಗಡೆ ಪಡೆದಿದ್ದ. ಕರೆದಾಗ ಬಂದು ಮನೆಗೆಲಸಕ್ಕೆ ನೆರವಾಗಬೇಕು ಎಂಬ ಕರಾರು ಮಾತ್ರ ತಪ್ಪಲಿಲ್ಲ.

ನನಗೆ ತುಂಬ ಹತ್ತಿರದವಳು ಮಮ್ ಬೆಟ್. ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್ ಎಂಬ ಊರಿನಲ್ಲಿ ಕರ್ನಲ್ ಜಾನ್ ಆಶ್ಲೆ ಮನೆಯ ಗುಲಾಮಳು. ಓದು ಬರಹ ಬರುತ್ತಿರಲಿಲ್ಲ. ಆಶ್ಲೆ ದೊಡ್ಡ ಮನುಷ್ಯ. 1773ರಲ್ಲಿ ಅವನ ಮನೆಯ ಮಾಳಿಗೆಯಲ್ಲಿ ಊರಿನ ಪ್ರಮುಖರು ಸೇರಿ, ಮನುಷ್ಯರೆಲ್ಲ ಸಮಾನರು, ಸ್ವತಂತ್ರರು ಎಂದು ಬ್ರಿಟಿಷರ ವಿರುದ್ಧ ಒಂದು ಠರಾವು ಬರೆದರು. ಅಂಥ ಮಾತುಗಳು ನಡೆಯುವಾಗ ಈ ಹೆಂಗಸು ಅದೇ ಮನೆಯಲ್ಲಿ ಬಡಿಸುತ್ತ, ಎತ್ತಿಡುತ್ತ ಓಡಾಡುತ್ತಿದ್ದಳು. ಈ ಸಮಾನತೆಯ ವಿಚಾರ ನಿನಗೆ ಹೇಗೆ ಹೊಳೆಯಿತು ಎಂದು ಮುಂದೆ ಯಾರೋ ಕೇಳಿದಾಗ, "ಸುಮ್ನೆ ಇದ್ದು ಎಲ್ಲ ಗಮನಿಸುತ್ತಿದ್ದೆ" ಎಂದಳಂತೆ.

ಆ ಮನೆಯ ಯಜಮಾನಿ ಸಿಡುಕಿ. ಒಮ್ಮೆ ಲಿಜಿ ಎಂಬ ಸಣ್ಣ ಹುಡುಗಿಯ ಮೇಲೆ ಸಿಟ್ಟಾಗಿ, ಒಲೆಯಿಂದ ಕೆಂಪಗೆ ಕಾದ ಕಬ್ಬಿಣದ ಸಲಿಕೆ ಎತ್ತಿ ಬೀಸಿದಳು. ಬೆಟ್ ಅಡ್ಡ ಬಂದು ತನ್ನ ತೋಳಿನ ಮೇಲೆ ಏಟು ತಿಂದಳು. ಮೂಳೆಯವರೆಗೂ ಗಾಯವಾಯಿತು. ಆ ಚಳಿಗಾಲವೆಲ್ಲ ತೋಳು ಕೆಲಸಕ್ಕೆ ಬರಲಿಲ್ಲ. ಗಾಯ ಮಾಯುವ ತನಕ ಅವಳು ತೋಳಿಗೆ ಬಟ್ಟೆ ಮುಚ್ಚಲಿಲ್ಲ. ಮನೆಗೆ ಬಂದವರು ಯಜಮಾನಿಯ ಎದುರಿಗೇ "ಯಾಕೆ ಬೆಟ್ಟಿ, ತೋಳಿಗೆ ಏನಾಯ್ತು?" ಎಂದು ಕೇಳಿದರೆ, "ಅಮ್ಮಾವರನ್ನೇ ಕೇಳಿ" ಎನ್ನುತ್ತಿದ್ದಳು. ಅಷ್ಟೇ ಮಾತು.

1780ರಲ್ಲಿ ಮ್ಯಾಸಚೂಸೆಟ್ಸ್ ತನ್ನ ಸಂವಿಧಾನ ಬರೆದುಕೊಂಡಿತು. ಮನುಷ್ಯರೆಲ್ಲ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬುದು ಅದರ ಮೊದಲನೆಯ ಕಲಮು. ಬೆಟ್ ವಕೀಲ ಥಿಯೊಡೋರ್ ಸೆಜ್‌ವಿಕ್‌ನ ಮನೆಗೆ ಹೋಗಿ, ಈ ಕಾನೂನು ನನಗೂ ಸೇರುತ್ತದಲ್ಲವೇ ಎಂದು ಕೇಳಿದಳು. ಈ ಸೆಜ್‌ವಿಕ್ ಯಾರು ಗೊತ್ತೇ? ಆಶ್ಲೆ ಮನೆಯ ಮಾಳಿಗೆಯಲ್ಲಿ ಕೂತು ಠರಾವು ಬರೆದವರಲ್ಲಿ ಇವನೂ ಒಬ್ಬ. ಅವನು ಕೇಸು ತೆಗೆದುಕೊಂಡ. ಅದೇ ಮನೆಯ ಬ್ರಾಮ್ ಎಂಬ ಗುಲಾಮನನ್ನೂ ಜೊತೆಗೆ ಸೇರಿಸಿಕೊಂಡ.

ಅವನು ಹಿಡಿದ ದಾರಿ ನೋಡಿ. ಯಾರಾದರೂ ನಿಮ್ಮ ಹಸುವನ್ನೋ ಗಾಡಿಯನ್ನೋ ಅನ್ಯಾಯವಾಗಿ ಕಟ್ಟಿಕೊಂಡಿದ್ದರೆ ಅದನ್ನು ಬಿಡಿಸಿಕೊಳ್ಳಲು ಕೋರ್ಟಿನಿಂದ ಒಂದು ಆಜ್ಞೆ ತರುವ ವ್ಯವಸ್ಥೆ ಇತ್ತು. ಸೆಜ್‌ವಿಕ್ ಅದೇ ಆಜ್ಞೆ ತಂದ. ಇವರಿಬ್ಬರು ಆಶ್ಲೆಯ ಸೊತ್ತೇ ಅಲ್ಲ, ಬಿಡು ಎಂದು ಅಧಿಕಾರಿ ಹೋಗಿ ಹೇಳಿದ. ಇವರು ಸಾಯುವ ತನಕ ನನ್ನ ಆಳುಗಳು, ಬಿಡುವುದಿಲ್ಲ ಎಂದ ಆಶ್ಲೆ. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್‌ನ ಕೋರ್ಟಿನಲ್ಲಿ ಜ್ಯೂರಿ ಕೂತಿತು. ಬ್ರಾಮ್ ಮತ್ತು ಬೆಟ್ ಗುಲಾಮರಲ್ಲ ಎಂದು ತೀರ್ಪು ಬಂತು. ಜೊತೆಗೆ 30 ಶಿಲ್ಲಿಂಗ್ ಪರಿಹಾರ, ಕೋರ್ಟಿನ ಖರ್ಚು ಬೇರೆ. ಆಶ್ಲೆ ಅಪೀಲು ಹಾಕಿ, ಆಮೇಲೆ ತಾನೇ ಹಿಂದೆ ತೆಗೆದುಕೊಂಡ. ಕ್ವಾಕ್ ವಾಕರ್ ಎಂಬ ಇನ್ನೊಬ್ಬ ಗುಲಾಮನ ಕೇಸುಗಳೂ ಅದೇ ಹೊತ್ತಿಗೆ ನಡೆದು 1783ಕ್ಕೆ ಅವನ ಕಡೆಗೇ ಆದವು. 1790ರ ಜನಗಣತಿಯಲ್ಲಿ ಮ್ಯಾಸಚೂಸೆಟ್ಸ್‌ನ ಗುಲಾಮರ ಕಾಲಮ್ಮಿನಲ್ಲಿ ಇದ್ದದ್ದು ಸೊನ್ನೆ.

ಆಶ್ಲೆ ಅವಳನ್ನು ಸಂಬಳಕ್ಕೆ ಬಾ ಎಂದು ಕರೆದ. ಹೋಗಲಿಲ್ಲ. ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡು ಸೆಜ್‌ವಿಕ್ ಮನೆಯಲ್ಲಿ ಸಂಬಳಕ್ಕೆ ದುಡಿದಳು. ಆ ಮನೆಯ ಮಕ್ಕಳನ್ನು ಅವಳೇ ಸಾಕಿದಳು. ಸೂಲಗಿತ್ತಿಯಾಗಿ ಊರಿಗೆಲ್ಲ ಬೇಕಾದವಳಾದಳು. ಸ್ವಂತ ಮನೆ ಕೊಂಡಳು. 1811ರಲ್ಲಿ ಸೆಜ್‌ವಿಕ್ ಮನೆಯ ಸೊಸೆ ದಂತದ ಪುಟ್ಟ ಬಿಲ್ಲೆಯ ಮೇಲೆ ಅವಳ ಚಿತ್ರ ಬರೆದಳು. ನೀಲಿ ಉಡುಪು, ಬಿಳಿ ಟೋಪಿ, ಕೊರಳಲ್ಲಿ ಚಿನ್ನದ ಮಣಿಸರ. ನೇರ ನಮ್ಮನ್ನೇ ನೋಡುವ ಕಣ್ಣು. ಆ ಚಿತ್ರ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. 1829ರ ಡಿಸೆಂಬರಿನಲ್ಲಿ ತೀರಿಕೊಂಡ ಅವಳನ್ನು ಸ್ಟಾಕ್‌ಬ್ರಿಜ್‌ನಲ್ಲಿ ಸೆಜ್‌ವಿಕ್ ಮನೆತನದವರ ನಡುವೆಯೇ ಮಣ್ಣು ಮಾಡಿದರು. ಅವಳು ಹೇಳಿದ ಒಂದು ಮಾತನ್ನು ಅವಳೇ ಸಾಕಿದ ಹುಡುಗಿ ಬರೆದಿಟ್ಟಿದ್ದಾಳೆ: ಗುಲಾಮಳಾಗಿದ್ದಾಗ ಯಾವಾಗಲಾದರೂ ಸರಿ, ಒಂದೇ ಒಂದು ನಿಮಿಷ ಬಿಡುಗಡೆ ಕೊಡುತ್ತೇವೆ, ನಿಮಿಷ ಮುಗಿದ ಕೂಡಲೇ ಸಾಯಬೇಕು ಎಂದಿದ್ದರೂ ಒಪ್ಪುತ್ತಿದ್ದೆ, ದೇವರ ಈ ನೆಲದ ಮೇಲೆ ಒಂದು ನಿಮಿಷ ಸ್ವತಂತ್ರಳಾಗಿ ನಿಲ್ಲುವುದಕ್ಕೆ.

ಕೊನೆಯ ಕಥೆ ನಿಮ್ಮ ಮಗಳ ಊರಿನದೇ. 1790ರಿಂದ ಹತ್ತು ವರ್ಷ ಫಿಲಡೆಲ್ಫಿಯಾ ಅಮೆರಿಕದ ರಾಜಧಾನಿ. ಅಧ್ಯಕ್ಷ ವಾಷಿಂಗ್ಟನ್ ಮಾರ್ಕೆಟ್ ಬೀದಿಯ ಒಂದು ಮನೆಯಲ್ಲಿದ್ದ. ಅವನ ಹೆಂಡತಿ ಮಾರ್ಥಾಳ ತಲೆ ಬಾಚಿ, ಬಟ್ಟೆ ತೊಡಿಸಿ, ಹೊಲಿಗೆ ಮಾಡುತ್ತಿದ್ದವಳು ಓನಾ ಜಡ್ಜ್ ಎಂಬ ಹುಡುಗಿ. ಪೆನ್ಸಿಲ್ವೇನಿಯಾದಲ್ಲಿ 1780ರಲ್ಲೇ ಒಂದು ಕಾನೂನು ಬಂದಿತ್ತು. ಹೊರಗಿನವರು ತಂದ ಗುಲಾಮರು ಆರು ತಿಂಗಳು ಇಲ್ಲೇ ಇದ್ದರೆ ಬಿಡುಗಡೆ ಕೇಳಬಹುದು. ಅದಕ್ಕೇ ವಾಷಿಂಗ್ಟನ್ ಆರು ತಿಂಗಳು ತುಂಬುವ ಮೊದಲು ಗುಲಾಮರನ್ನು ಗಡಿ ದಾಟಿಸಿ ವಾಪಸ್ ತರುತ್ತಿದ್ದ. ಅವರಿಗೂ ಊರಿನವರಿಗೂ ಗುಟ್ಟು ತಿಳಿಯದ ಹಾಗೆ ಏನಾದರೂ ನೆಪ ಹೂಡಿ ಮಾಡು ಎಂದು 1791ರಲ್ಲಿ ತನ್ನ ಕಾರ್ಯದರ್ಶಿಗೆ ಅವನೇ ಬರೆದ ಕಾಗದ ಇದೆ. ವಾಷಿಂಗ್ಟನ್ ದೊಡ್ಡವನೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಕಾಗದವನ್ನು ಮಕ್ಕಳಿಂದ ಮುಚ್ಚಿಡಬಾರದು.

ಓನಾಳನ್ನು ಮಾರ್ಥಾಳ ಮೊಮ್ಮಗಳಿಗೆ ಕೊಟ್ಟುಬಿಡುವುದು ಎಂದು ಮಾತಾಯಿತು. ಅದು ಅವಳ ಕಿವಿಗೂ ಬಿತ್ತು. 1796ರ ಮೇ ತಿಂಗಳು. ಮನೆಯವರು ವರ್ಜೀನಿಯಾಕ್ಕೆ ಹೊರಡಲು ಗಂಟು ಕಟ್ಟುತ್ತಿದ್ದರು. ಅವಳೂ ಕಟ್ಟುತ್ತಿದ್ದಳು. ಮುದುಕಿಯಾದ ಮೇಲೆ ಅವಳೇ ಹೇಳಿದ್ದು: ಅವರು ವರ್ಜೀನಿಯಾಕ್ಕೆ ಕಟ್ಟುತ್ತಿದ್ದರು, ನಾನು ಎಲ್ಲಿಗೆ ಎಂದೇ ಗೊತ್ತಿಲ್ಲದೆ ಕಟ್ಟುತ್ತಿದ್ದೆ. ತನ್ನ ಸಾಮಾನನ್ನು ಊರಿನ ಕರಿಯ ಸ್ನೇಹಿತರ ಮನೆಗೆ ಮೊದಲೇ ಸಾಗಿಸಿದ್ದಳು. 21ನೇ ತಾರೀಕು, ಮನೆಯವರು ಊಟಕ್ಕೆ ಕೂತಿದ್ದಾಗ ಹೊರಟುಹೋದಳು.

ಎರಡು ದಿನ ಬಿಟ್ಟು ಅಧ್ಯಕ್ಷರ ಮನೆಯ ಮೇಲ್ವಿಚಾರಕ ಪತ್ರಿಕೆಗೆ ಜಾಹೀರಾತು ಕೊಟ್ಟ. ಇದನ್ನು ಮೊಮ್ಮಗನ ಜೊತೆ ಕೂತು ಓದಬೇಕು, ಮೇಡಂ. ಓಡಿಹೋದವಳು ಓನಿ ಜಡ್ಜ್, ತೆಳು ಕಂದು ಮೈಬಣ್ಣ, ಮುಖದ ತುಂಬ ಚುಕ್ಕೆ, ಕಪ್ಪು ಕಣ್ಣು, ಪೊದೆಗೂದಲು, ಮಧ್ಯಮ ಎತ್ತರ, ಸಣಕಲು ಮೈಕಟ್ಟು, 20ರ ಆಸುಪಾಸಿನ ವಯಸ್ಸು. ಅವಳ ಹತ್ತಿರ ಒಳ್ಳೆಯ ಬಟ್ಟೆ ಬೇಕಾದಷ್ಟಿವೆ, ಆದರೆ ಯಾವುವು ಎಂದು ನೆನಪಾಗುತ್ತಿಲ್ಲ. ಓಡಿಹೋಗುತ್ತಾಳೆ ಎಂಬ ಅನುಮಾನ ಇರಲಿಲ್ಲ, ಓಡಿಹೋಗಲು ಕಾರಣವೂ ಇರಲಿಲ್ಲ. ಹಡಗು ಹತ್ತಬಹುದು, ಹಡಗಿನವರು ಎಚ್ಚರ. ಊರಿನಲ್ಲೋ ಬಂದರಿನಲ್ಲೋ ಹಿಡಿದು ತಂದವರಿಗೆ ಹತ್ತು ಡಾಲರ್.

ಕಾರಣವೂ ಇರಲಿಲ್ಲ ಎನ್ನುವ ಆ ಸಾಲಿನ ಹತ್ತಿರ ಒಂದು ನಿಮಿಷ ನಿಲ್ಲಿಸಿ, ಅವರು ಯಾಕೆ ಹಾಗೆ ಬರೆದರು ಎಂದು ಮೊಮ್ಮಗನನ್ನೇ ಕೇಳಿ. ಅವಳನ್ನು ಹಿಡಿಯಲು ಬರೆದ ಕಾಗದವೇ ಅವಳ ಮುಖವನ್ನು ನಮಗೆ ಉಳಿಸಿಕೊಟ್ಟಿದೆ. ಅವಳ ಬೇರೆ ಚಿತ್ರ ಯಾವುದೂ ಇಲ್ಲ.

ಅವಳು 'ನ್ಯಾನ್ಸಿ' ಎಂಬ ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಸೇರಿದಳು. ಕರೆದೊಯ್ದ ಕಪ್ತಾನನಿಗೆ ತೊಂದರೆಯಾಗಬಾರದು ಎಂದು, ಅವನು ಸಾಯುವ ತನಕ ಅವನ ಹೆಸರು ಬಾಯಿಬಿಡಲಿಲ್ಲ. ಅಲ್ಲಿ ಒಬ್ಬ ಸೆನೆಟರ್‌ನ ಮಗಳು ಅವಳ ಗುರುತು ಹಿಡಿದಳು, ಸುದ್ದಿ ವಾಷಿಂಗ್ಟನ್‌ಗೆ ಮುಟ್ಟಿತು. ಬಂದರಿನ ಸುಂಕದ ಅಧಿಕಾರಿಯ ಕೈಲಿ ಹೇಳಿ ಕಳಿಸಿದ. ವಾಷಿಂಗ್ಟನ್ ದಂಪತಿಯ ಕಾಲಾನಂತರ ನನಗೆ ಬಿಡುಗಡೆ ಎಂದು ಮಾತು ಕೊಟ್ಟರೆ ಬರುತ್ತೇನೆ ಎಂದಳು ಓನಾ. ವಾಷಿಂಗ್ಟನ್ ಒಪ್ಪಲಿಲ್ಲ. 1799ರಲ್ಲಿ ಮಾರ್ಥಾಳ ಸೋದರಳಿಯನನ್ನೇ ಕಳಿಸಿದರು. ಆ ಹೊತ್ತಿಗೆ ಅವಳಿಗೆ ಜ್ಯಾಕ್ ಸ್ಟೇನ್ಸ್ ಎಂಬ ನಾವಿಕನ ಜೊತೆ ಮದುವೆಯಾಗಿ ಮಗುವೂ ಇತ್ತು. ಬಲವಂತವಾಗಿ ಎಳೆದೊಯ್ಯುವ ಯೋಚನೆ ಇದೆ ಎಂದು ಸುಳಿವು ಸಿಕ್ಕಿ, ಪಕ್ಕದ ಗ್ರೀನ್‌ಲ್ಯಾಂಡ್ ಎಂಬ ಹಳ್ಳಿಗೆ ಹೋಗಿ ಅಡಗಿದಳು.

ಅದೇ ವರ್ಷ ವಾಷಿಂಗ್ಟನ್ ತೀರಿಕೊಂಡ. ಉಯಿಲಿನಲ್ಲಿ ತನ್ನ ಗುಲಾಮರಿಗೆ ಬಿಡುಗಡೆ ಬರೆದಿದ್ದ. ಆದರೆ ಓನಾ ಮಾರ್ಥಾಳ ಮೊದಲ ಗಂಡನ ಆಸ್ತಿಯ ಕಡೆಯವಳು. ಅವಳ ಮೇಲೆ ವಾಷಿಂಗ್ಟನ್‌ಗೆ ಆ ಹಕ್ಕಿರಲಿಲ್ಲ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಅವಳು 1848ರಲ್ಲಿ ಸಾಯುವ ತನಕ ಗುಲಾಮಳೇ, ಅವಳ ಮೂವರು ಮಕ್ಕಳೂ ಗುಲಾಮರೇ. ಗಂಡನೂ ಹೆಣ್ಣುಮಕ್ಕಳೂ ಅವಳಿಗಿಂತ ಮೊದಲೇ ಹೋದರು. ಬಡತನ ಬಿಡಲಿಲ್ಲ. ಕೊನೆಗಾಲದಲ್ಲಿ ಪತ್ರಿಕೆಯವರು ಹುಡುಕಿಕೊಂಡು ಬಂದು, ಅಧ್ಯಕ್ಷರ ಮನೆ ಬಿಟ್ಟು ಬಂದದ್ದಕ್ಕೆ ಬೇಜಾರಿಲ್ಲವೇ ಎಂದು ಕೇಳಿದರು. "ಇಲ್ಲ, ನಾನು ಸ್ವತಂತ್ರಳು" ಎಂದಳು. ಓಡಿಬಂದ ಮೇಲೆ ಓದಲು ಕಲಿತಿದ್ದಳು.

ಆ ಮನೆ ಈಗಿಲ್ಲ. ಫಿಲಡೆಲ್ಫಿಯಾದಲ್ಲಿ ಲಿಬರ್ಟಿ ಬೆಲ್ ನೋಡಲು ಎಲ್ಲರೂ ಹೋಗುತ್ತಾರಲ್ಲ, ಅದರ ಬಾಗಿಲ ಪಕ್ಕದಲ್ಲೇ, ಆರನೇ ಬೀದಿ ಮತ್ತು ಮಾರ್ಕೆಟ್ ಬೀದಿ ಸೇರುವಲ್ಲಿ ಅದು ಇತ್ತು. 2007ರಲ್ಲಿ ಅಗೆದಾಗ ಅಡುಗೆಮನೆಯ ಬುನಾದಿ ಸಿಕ್ಕಿತು. ಅಲ್ಲಿಂದ ಪೂರ್ವಕ್ಕೆ ಮಾರ್ಕೆಟ್ ಬೀದಿ ಹಿಡಿದು ನಡೆದರೆ ಡೆಲಾವೇರ್ ನದಿ ಹೆಚ್ಚೆಂದರೆ ಇಪ್ಪತ್ತು ನಿಮಿಷ. ಹೈದರಾಲಿ ಹೆಸರಿನ ಹಡಗು ಕೊಲ್ಲಿಗೆ ಇಳಿದದ್ದೂ, ಹದಿನಾಲ್ಕು ವರ್ಷದ ಮೇಲೆ ಓನಾ ಹತ್ತಿದ ಹಡಗು ಹೊರಟದ್ದೂ ಅದೇ ನೀರಿನಲ್ಲಿ. ಜಾಹೀರಾತಿನ ಪ್ರತಿ ಒಂದನ್ನು ಜೇಬಿನಲ್ಲಿಟ್ಟುಕೊಂಡು ಮೊಮ್ಮಗನ ಜೊತೆ ಅಲ್ಲಿಗೆ ನಡೆದುಹೋಗಿ.